ವಾರಸುದಾರರಿಲ್ಲದ ಕಾಲು

ಆಸ್ಪತ್ರೆಯಲ್ಲಿ ಸತ್ತವರ ಸಾಮಾನುಗಳನ್ನು ಜೋಪಾನವಾಗಿಟ್ಟು ಮನೆಯವರಿಗೆ ಒಪ್ಪಿಸುವ ಗುಮಾಸ್ತ ಅವನು. ದಿನವಿಡೀ ಬೀರುಗಳ ನಡುವೆ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಬೀರುಮಾವ. ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರ ಕನ್ನಡಕ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಹೆಸರು ಬರೆದ ಚೀಟಿ, ಬಟ್ಟೆಯ ಗಂಟು, ಅವನ ನೆನಪು. ಕೆಲಸ ಇಷ್ಟರಲ್ಲೇ ಸಾಗುತ್ತಿತ್ತು.

ಹೋದ ವರ್ಷ ಆ ಕೋಣೆಗೆ ಕಂಪ್ಯೂಟರ್ ಬರುವ ಮುನ್ನ, ಅದರಲ್ಲಿ ಸಾಮಾನುಗಳನ್ನು ದಾಖಲಿಸುವ ಕ್ರಮದ ನಕ್ಷೆ ಸಿದ್ಧಪಡಿಸುವ ಹುಡುಗಿಯೊಬ್ಬಳು ಅವನೆದುರು ಬಂದು ಕೂತಳು.

"ಒಂದೊಂದೇ ವಸ್ತು ಬೇಡ ಮಾವ. ಒಂದೇ ಥರದ ವಿವರ ಬೇಕಾಗೋವು, ಒಂದೇ ಗತಿ ಕಾಣೋವು, ಅವನ್ನೆಲ್ಲ ಸೇರಿಸಿ ಒಂದು ವರ್ಗ ಮಾಡೋಣ. ವರ್ಗಕ್ಕೆ ಹೇಳಿದ್ದು ಒಳಗಿರೋ ಎಲ್ಲಕ್ಕೂ ಅನ್ವಯ."

"ಅಂದ್ರೆ ಕತ್ತೆ ಕುದುರೆಗೆ ಒಂದೇ ಲಾಯ," ಎಂದು ಅವನು ನಕ್ಕ. ಆದರೂ ತನ್ನನ್ನು ಕೇಳಿಯೇ ಮಾಡುತ್ತಿದ್ದಾರಲ್ಲ ಎಂಬ ಹೆಮ್ಮೆಗೆ ಎರಡು ದಿನ ಊಟದ ಹೊತ್ತು ಮರೆತು ವಿಂಗಡಿಸಿದ. ಅಂಗಿ, ಚಪ್ಪಲಿ, ಕನ್ನಡಕ 'ಸ್ವಂತದ್ದು'. ಗಾಲಿಕುರ್ಚಿ, ಊರುಗೋಲು 'ಉಪಕರಣ', ಮರುಬಳಕೆಗೆಂದು ಕಾರ್ಯಾಗಾರಕ್ಕೆ ಹೋಗುವಂಥವು. ಕೃತಕ ಕಾಲಿನ ಬಳಿ ಹುಡುಗಿ ತಡವರಿಸಿದಳು.

"ಇದು ಯಾವುದರಲ್ಲಿ?"

"ನಂಬರಿದೆ, ಅಳತೆಯಿದೆ, ಆಸ್ಪತ್ರೆ ಮುದ್ರೆಯಿದೆ. ಗಾಲಿಕುರ್ಚಿಯ ತಮ್ಮ ಅಲ್ವಾ? ಉಪಕರಣ ಅಂತ ಹಾಕಮ್ಮ."

"ಉಪಕರಣಕ್ಕೆ ವಾರಸುದಾರರ ಅಂಕಣ ಬೇಕಾ?"

"ಗಾಲಿಕುರ್ಚಿಗೆ ಎಲ್ಲಿಯ ವಾರಸುದಾರರು?"

ಈ ಚಳಿಗಾಲದಲ್ಲಿ ಅವನ ಭಾವ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡ. ಹದಿನಾರು ವರ್ಷ ಕೃತಕ ಕಾಲಿನ ಮೇಲೆ ನಡೆದವನು. ಬೀರುಮಾವ ಅಕ್ಕನನ್ನು ಕರೆತರಲು ಹೋಗಿದ್ದಾಗ ಬದಲಿ ಗುಮಾಸ್ತೆ ಸಾಮಾನುಗಳನ್ನು ನಮೂದಿಸಿದಳು. ಉಪಕರಣಗಳ ಗಾಡಿ ಎಂದಿನಂತೆ ಹತ್ತಕ್ಕೆ ಕಾರ್ಯಾಗಾರಕ್ಕೆ ಹೊರಟಿತು.

"ಕಾಲು ಎಲ್ಲೋ?" ಅಕ್ಕ ಕೇಳಿದಳು. "ಅದನ್ನ ಹಾಕಿಯೇ ಕಳಿಸ್ಬೇಕು. ಕುಂಟನಾಗಿ ಹೋಗಲ್ಲ ಅಂತ ನನ್ನ ಕೈ ಹಿಡಿದು ಹೇಳಿದ್ದಾರೆ ಕಣೋ."

ಅವನು ಪರದೆಯಲ್ಲಿ ಹುಡುಕಿದ. ಭಾವನ ಹೆಸರಿನಡಿ ಅಂಗಿ, ಪ್ಯಾಂಟು, ಕನ್ನಡಕ. ಕಾಲಿಲ್ಲ, ಅದು ಸೇರಿದ ವರ್ಗದಲ್ಲಿ ಮನುಷ್ಯರ ಹೆಸರಿಗೆ ಜಾಗವೇ ಇರಲಿಲ್ಲ. ಕಾರ್ಯಾಗಾರಕ್ಕೆ ಫೋನು ಮಾಡಿದ.

"ಬಂದಿದ್ದೆಲ್ಲ ಬಿಚ್ಚಾಯ್ತು ಯಜಮಾನ್ರೇ," ಎಂದ ಮೇಸ್ತ್ರಿ. "ಮಂಡಿ ಒಂದು ಡಬ್ಬಿಗೆ, ಪಾದ ಒಂದು ಡಬ್ಬಿಗೆ. ತೊಡೆಗೆ ಸಿಕ್ಕಿಸೋ ಬಟ್ಟಲು ಪುಡಿ ಮಾಡಿಬಿಡ್ತೀವಿ, ಬೇರೆಯೋರಿಗೆ ಅದು ಆಗಲ್ವಲ್ಲ."

ಬೀರುಮಾವ ಅಕ್ಕನಿಗೆ ವಿಷಯ ತಿಳಿಸಿದ.

"ಇಂಥ ನಿಯಮ ಯಾವ ಪಾಪಿ ಮಾಡಿದ್ನೋ?"

"ಕಂಪ್ಯೂಟರಿನೋರು, ಅಕ್ಕ."

"ಹೋಗ್ಲಿ ಬಿಡು. ನಿನ್ನ ಕೈಲೇನಿದೆ," ಎಂದು ಅವಳು ತಮ್ಮನ ಬೆನ್ನು ಸವರಿದಳು.

ಶವಾಗಾರದಲ್ಲಿ ಭಾವನ ಪ್ಯಾಂಟಿನ ಬಲಗಾಲನ್ನು ಮೇಲಕ್ಕೆ ಮಡಿಸಿ ಪಿನ್ನು ಚುಚ್ಚಿದವನು ಅವನೇ.