ಸಹಿ ಹಾಕಿ ಎದ್ದುಹೋದ ಪ್ರಜೆ

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದ ನಾನು, ನಿವೃತ್ತನಾಗುವವರೆಗೆ ನಮ್ಮೂರ ಗ್ರಾಮಸಭೆಯನ್ನೇ ನೋಡಿರಲಿಲ್ಲ. ಸ್ವಿಟ್ಜರ್ಲೆಂಡಿನ ಹಳ್ಳಿಗರು ಬಯಲಲ್ಲಿ ಸೇರಿ ಕೈಯೆತ್ತಿ ಕಾನೂನು ಮಾಡುವುದನ್ನು ಮಾತ್ರ ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದೆ.

ನಮ್ಮಲ್ಲಿ ಗ್ರಾಮಸಭೆಗೆ ಹೋಗುವುದಕ್ಕೂ ಒಂದು ಕ್ರಮ ಉಂಟು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು, ಗುರುತಿನವರಿಗೆ ತಲೆಯಾಡಿಸುವುದು, ಎದುರಿನ ಹೋಟೆಲಿಗೆ ಹೋಗಿ ಚಾ, ಗೋಳಿಬಜೆ ತೆಗೆದುಕೊಳ್ಳುವುದು. ಕಳೆದ ವರ್ಷ ನಾನೂ ಹಾಗೇ ಮಾಡಿದೆ. ಎರಡನೇ ಗೋಳಿಬಜೆ ಮುಗಿಯುವಷ್ಟರಲ್ಲಿ ಅಧಿಕಾರಿ ತಲೆ ಎಣಿಸಿ, ಕೋರಂ ಇಲ್ಲವೆಂದು ಸಭೆಯನ್ನೇ ಮುಂದೂಡಿದ್ದರು.

ಒಳಗೆ ಕೊನೆಯವರೆಗೂ ಕೂತಿದ್ದ ನಾಲ್ಕೈದು ಜನರಲ್ಲಿ ಸುಂದರಿಯೂ ಒಬ್ಬಳು. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಬೀಡಿ ಕಟ್ಟುತ್ತಾಳೆ. ಅವಳ ಮನೆಗೂ ರಸ್ತೆಗೂ ನಡುವೆ ನೀರು ಹರಿಯುವ ಒಂದು ತೋಡು, ದಾಟಲು ಎರಡು ದಿಮ್ಮಿಗಳ ಸಂಕ. ಅದರ ಬದಲು ಕಾಂಕ್ರೀಟಿನ ಕಾಲುಸೇತುವೆ ಬೇಕೆಂದು ಅರ್ಜಿ ಹಿಡಿದು ಬಂದಿದ್ದಳು. ಮುಂದೂಡಿದ ಸಭೆ ಮತ್ತೆ ಸೇರಲೇ ಇಲ್ಲ, ಅರ್ಜಿ ಕೈಯಲ್ಲೇ ಉಳಿಯಿತು. ಮಳೆಗಾಲದಲ್ಲಿ ಸಂಕದಿಂದ ಜಾರಿ ಬಿದ್ದು ಅವಳ ಬಲಗೈ ಮುರಿಯಿತು. ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಪರಮಾಧಿಕಾರ ಜನರಲ್ಲಿದೆ ಎಂದು ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದವನು, ನನ್ನ ಪಾಲಿನದನ್ನು ಹೋಟೆಲಿನ ಬೆಂಚಿನ ಮೇಲೆ ಬಿಟ್ಟು ಬಂದಿದ್ದೆ.

ಈ ವರ್ಷ ಹಟ ಹಿಡಿದೆ. ಸಭೆಯ ಹಿಂದಿನ ವಾರ ಮನೆಮನೆಗೆ ಹೋಗಿ, "ಸಹಿ ಹಾಕಿದರೆ ಸಾಲದು, ಕೂರಬೇಕು" ಎಂದೆ. ಹೋಟೆಲಿನ ಆಸೆಯೇ ಬೇಡವೆಂದು ಫ್ಲಾಸ್ಕಿನಲ್ಲಿ ಚಾ ಕೊಂಡುಹೋದೆ. ಜನ ಬಂದರು, ಕೂತರು. ಬೀದಿದೀಪ, ನೀರಿನ ಪೈಪು ಎಂದು ಚರ್ಚೆ ಎಳೆಯಿತು. ಸಂಸದೀಯ ಪದ್ಧತಿಗೂ ಅಧ್ಯಕ್ಷೀಯ ಪದ್ಧತಿಗೂ ಇರುವ ವ್ಯತ್ಯಾಸಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂರದಿದ್ದರೆ ಎರಡೂ ನಡೆಯುವುದಿಲ್ಲವೆಂಬುದು ಮಾತ್ರ ನನ್ನ ನೋಟ್ಸಿನಲ್ಲಿ ಇರಲಿಲ್ಲ.

ಸುಂದರಿಯ ಅರ್ಜಿ ಬರುವ ಮೊದಲೇ ಚಾ ಮುಗಿದು, ಮಂಡಿ ಹಿಡಿದುಕೊಂಡಿತು. ಎದುರಿನಿಂದ ಗೋಳಿಬಜೆಯ ಪರಿಮಳ ಬೇರೆ. ಐದೇ ನಿಮಿಷ ಎಂದುಕೊಂಡು ಎದ್ದೆ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಸುಂದರಿ ಕೂತಿದ್ದಳು.

"ಎಲ್ಲಿಗೆ ಹೋಗುದು ಸರ್? ಕೂತ್ಕೊಳ್ಳಿ. ಇನ್ನೂ ಬೆಲ್ ಆಗ್ಲಿಲ್ಲ."

ಕೂತೆ. ಅರ್ಜಿ ಓದಿದ ಮೇಲೆ ಅಧಿಕಾರಿ, ಒಪ್ಪಿಗೆ ಇದ್ದವರು ಕೈಯೆತ್ತಿ ಎಂದರು. ಇನ್ನೂ ನೆಟ್ಟಗಾಗದ ಬಲಗೈಯನ್ನು ಸುಂದರಿ ಅರ್ಧಕ್ಕೆ ಎತ್ತಿದಳು. ನಾನು ನನ್ನದನ್ನು ಪೂರ್ತಿ ಎತ್ತಿದೆ. ಸುತ್ತ ನೋಡಿದರೆ ಸಭೆ ತುಂಬ ಕೈಗಳು. ಸ್ವಿಟ್ಜರ್ಲೆಂಡ್ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ ಎಂದು ನನಗೆ ಗೊತ್ತಾದದ್ದು ಆಗ.