ಬುಟ್ಟಿಯ ತಳದ ಹಿಡಿ ಬೀಜ

ತಂಗಿ ಬರೆದಿದ್ದ ಎಚ್ಚರಿಕೆಯ ಮಾತನ್ನು ನಕ್ಕು ತೆಗೆಸಿದವಳು ನಾನು. ಅದರಿಂದ ಹಾನಿಯಾದಾಗ ಬಾಯಿ ಬಿಡಲಿಲ್ಲ. ಬೈಗುಳವನ್ನೆಲ್ಲ ಅವಳೊಬ್ಬಳೇ ಕೇಳಿಸಿಕೊಂಡಳು.

ನಾನು ನಾಲ್ಕನೇ ಇಯತ್ತೆಗೆ ತೆಲುಗು ಶಾಲೆ ಬಿಟ್ಟವಳು. ಇದನ್ನು ಬರೆಯುತ್ತಿರುವ ಕನ್ನಡ ಅಕ್ಷರಗಳನ್ನೂ ತಂಗಿಯೇ ಕಲಿಸಿದ್ದು. ತೆಲಂಗಾಣದ ಜಹೀರಾಬಾದಿನಲ್ಲಿ ನಮ್ಮ ಹೆಣ್ಣುಮಕ್ಕಳದೊಂದು ಬೀಜದ ಸಂಘವಿದೆ. ಅಲ್ಲಿ ನಾನು ಬೀಜ ಹಸನು ಮಾಡುತ್ತೇನೆ, ಅವಳು ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಯಾವ ಬೀಜ ಯಾರ ಮನೆಯಲ್ಲಿದೆ, ಯಾರಿಂದ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ನಾರಾಯಣಖೇಡದಿಂದಲೋ ತಾಂಡೂರಿನಿಂದಲೋ ಒಬ್ಬಾಕೆ ಫೋನಿನಲ್ಲಿ ಹೇಳಿದರೆ ಸಾಕು, ಕಂಪ್ಯೂಟರಿನೊಳಗಿನ ಎಐ ಏಜೆಂಟ್ ಕೇಳಿಸಿಕೊಂಡು ತಾನೇ ಕೆಲಸ ಮುಗಿಸುತ್ತದೆ. ಅದಕ್ಕೆ ತಂಗಿ ಕೆಲವು ಟೂಲ್, ಅಂದರೆ ಕೆಲಸದ ಸಲಕರಣೆ, ಕೊಟ್ಟಿದ್ದಳು. ಒಂದು ಸೇರಿಸಲು, ಒಂದು ತಿದ್ದಲು, ಒಂದು ಅಳಿಸಲು. ಯಾವುದನ್ನು ಯಾವಾಗ ಹಿಡಿಯಬೇಕೆಂದು ಏಜೆಂಟಿಗೆ ತಿಳಿಯುವುದು ಆ ಟೂಲಿಗೆ ಬರೆದ ವಿವರಣೆಯಿಂದಲೇ.

ವಿವರಣೆ ನಮ್ಮಂಥವರಿಗೂ ತಿಳಿಯಬೇಕೆಂದು ಅವಳು ಓದಿ ಹೇಳುತ್ತಿದ್ದಳು. ನಾನು ಮೊರ ಬದಿಗಿಟ್ಟು ಕೇಳುತ್ತಿದ್ದೆ. ಅಳಿಸುವ ಟೂಲಿನದು ಉದ್ದವಿತ್ತು. ಹೆಸರು ಹೇಳಿದ ಬೀಜದ ವಿವರವನ್ನು ಎಲ್ಲ ಊರುಗಳಿಂದಲೂ ಅಳಿಸುತ್ತದೆ, ಅಳಿಸಿದ್ದು ಮರಳಿ ಬರುವುದಿಲ್ಲ, ಯಾರ ಯಾರ ಮನೆಯದು ಹೋಗುತ್ತದೆಂದು ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು, ಒಂದೇ ಮನೆಯದಾದರೆ ತಿದ್ದುವ ಟೂಲ್ ಹಿಡಿಯಬೇಕು ಎಂದೆಲ್ಲ ಇತ್ತು.

"ಇದೇನ್ ಪುರಾಣ ಹಚ್ಚೀದಿ ತಂಗಿ," ಎಂದೆ. "ಹಳೇ ಬೀಜ ಖಾಲಿ ಮಾಡ್ತದ ಅಂತ ಬರಿ, ಸಾಕು. ಹೆಂಗ ಖಾಲಿ ಮಾಡ್ಬೇಕು ಅಂತ ಯಾರಿಗಿ ಗೊತ್ತಿಲ್ಲ?"

ಎಲ್ಲರಿಗೂ ಗೊತ್ತು ಎಂದೇ ನಂಬಿದ್ದೆ. ನಮ್ಮಲ್ಲಿ ಹೊಸ ಬೀಜ ಬಂದಾಗ ಬುಟ್ಟಿ ಖಾಲಿ ಮಾಡುತ್ತೇವೆ, ಆದರೆ ತಳದಲ್ಲಿ ಒಂದು ಹಿಡಿ ಹಳೆಯದನ್ನು ಬಿಡುತ್ತೇವೆ. ಪಕ್ಕದ ಮನೆಯ ಬುಟ್ಟಿಗಂತೂ ಕೈಯನ್ನೇ ಹಾಕುವುದಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅವ್ವನ ಬಳಿ ಕೂತು ನೋಡಿ ಕಲಿಯುವುದು. ಏಜೆಂಟ್ ಯಾರ ಅವ್ವನ ಬಳಿಯೂ ಕೂತಿರಲಿಲ್ಲ. ತಂಗಿ ತುಸು ಅನುಮಾನಿಸಿದಳು. ಅಕ್ಕ ಹೇಳಿದಳಲ್ಲ ಎಂದು ವಿವರಣೆಯನ್ನು ನಾನು ಹೇಳಿದಷ್ಟಕ್ಕೇ ಮೊಟಕು ಮಾಡಿದಳು.

ತೊಗರಿ ರಾಶಿಯಾದ ಮೇಲೆ ತಾಂಡೂರು ಕಡೆಯ ಹಿರಿಯಾಕೆಯೊಬ್ಬರು ಹಳೆಯ ತೊಗರಿ ಖಾಲಿ ಮಾಡಿ ಹೊಸದು ಹಾಕು ಎಂದು ಫೋನಿನಲ್ಲಿ ಹೇಳಿದರು. ಏಜೆಂಟ್ ಎಲ್ಲ ಊರುಗಳ ತೊಗರಿಯನ್ನೂ ಅಳಿಸಿ, ಅವರದೊಂದನ್ನೇ ಹಾಕಿತು. ಯಾರ ಅತ್ತೆ ಯಾರಿಗೆ ಕೊಟ್ಟ ಬೀಜ, ಯಾವುದು ಯಾವ ಹೊಲಕ್ಕೆ ಒಗ್ಗಿತ್ತು, ಒಂದೂ ಉಳಿಯಲಿಲ್ಲ.

ಸಂಘದ ಸಭೆಯಲ್ಲಿ ತಂಗಿಯನ್ನು ಆ ಕೆಲಸದಿಂದ ಬಿಡಿಸಬೇಕೆಂಬ ಮಾತು ಬಂತು. "ಮಷೀನಿಗಿ ಕಣ್ಣಿಲ್ಲ ಬಿಡು, ನಿನಗರ ಅದಾವಲ್ಲ," ಎಂದು ಒಬ್ಬಾಕೆ ಚುಚ್ಚಿದಳು. ತಂಗಿ ನನ್ನ ಕಡೆ ತಿರುಗಿಯೂ ನೋಡದೆ, ಬರೆದದ್ದು ತಾನೇ, ತಪ್ಪು ತನ್ನದೇ ಎಂದಳು. ನಾನು ತಲೆ ತಗ್ಗಿಸಿ ಕಲ್ಲು ಆರಿಸುತ್ತಿದ್ದೆ. ಮುಂದಿನ ಸಭೆಯಲ್ಲಿ ತೀರ್ಮಾನ ಎಂದಾಯಿತು. ಮನೆಗೆ ಬಂದು ಅವಳೇ ಚಹಾ ಮಾಡಿ ಕೊಟ್ಟಳು.

ನಮ್ಮನ್ನು ಉಳಿಸಿದವರು ಆ ತಾಂಡೂರಿನ ಹಿರಿಯಾಕೆ. ಸೆರಗಿನಲ್ಲಿ ತೊಗರಿ ಕಟ್ಟಿಕೊಂಡು ಬಂದು ತಂಗಿಯ ಮುಂದೆ ಕೂತರು. "ಕಂಪ್ಯೂಟರದಾಗಿಂದು ಹೋಗ್ಯಾದ. ಬುಟ್ಟಿ ತಳದಾಗಿಂದು ಹೋಗ್ಯಾದೇನು? ನಾ ಹೇಳ್ತೀನಿ, ನೀ ಬರ್ಕೋ ಯವ್ವಾ," ಎಂದರು. ಸುದ್ದಿ ಹಬ್ಬಿ ಕಂಗ್ಟಿ, ರಾಯಿಕೋಡ್ ಕಡೆಯವರೂ ತಮ್ಮ ತಮ್ಮ ಹಿಡಿ ಬೀಜ ತಂದರು. ಕಾಳು ನೋಡುತ್ತ ಒಬ್ಬರಿಗೊಬ್ಬರು ನೆನಪು ಮಾಡಿಕೊಟ್ಟರು. ಅವರ ಋಣ ದೊಡ್ಡದು. ನನ್ನ ಹೆಸರೆತ್ತದೆ ಎಲ್ಲವನ್ನೂ ಮತ್ತೆ ಬರೆದುಕೊಂಡವಳ ಋಣ ಅದಕ್ಕಿಂತ ದೊಡ್ಡದು.

ಮುಂದಿನ ಸಭೆಯಲ್ಲಿ ತಂಗಿ ಅಳಿಸುವ ಟೂಲಿನ ವಿವರಣೆ ಓದಿದಳು. ಮೊದಲು ಬರೆದದ್ದೇ, ಒಂದು ಮಾತೂ ಬಿಡದೆ. ಇಷ್ಟು ಉದ್ದ ಆಗಲೇ ಯಾಕೆ ಬರೆಯಲಿಲ್ಲ ಎಂದು ಚುಚ್ಚಿದಾಕೆಯೇ ಕೇಳಿದಳು. ಮೊರ ಕೆಳಗಿಟ್ಟು ನಾನು ಎದ್ದು ನಿಂತೆ.

"ಬರ್ದಿದ್ಲು ರಿ. ನಾನೇ ನಕ್ಕು ತೆಗಿಸೀನಿ. ತೆಗಿಸಿ, ಇಕಿಗಿ ಬೈಯೋವಾಗ ಸುಮ್ನ ಕುಂತೀನಿ." ಆಮೇಲೆ ಅವಳ ಕಡೆ ತಿರುಗಿದೆ. "ತಪ್ಪು ನಂದದ ತಂಗಿ. ಮಾಫ್ ಮಾಡು."