ಬೇಟೆ ಕಲಿಸಿದ ಮಂಡ್ಯದ ಆಂಟಿ

ಆಂಟಿಯ ಎರಡು ಚಿನ್ನದ ಬಳೆಗಳು ಕೈಯಿಂದ ಹೊರಬರುತ್ತಿರಲಿಲ್ಲ. ಸಂಧಿವಾತದಿಂದ ಗೆಣ್ಣುಗಳು ಊದಿ ವರ್ಷಗಳಾಗಿದ್ದವು. ಹಾಗಾಗಿ ಬೇಟೆಗೆ ಹೊರಡುವ ದಿನ ಎರಡನ್ನೂ ಒಟ್ಟಿಗೆ ಹಿಡಿದು ವೈರಿಗೆ ಸುತ್ತುವ ಕರಿ ಟೇಪಿನಲ್ಲಿ ಬಿಗಿದುಬಿಡುತ್ತಿದ್ದರು. ಸದ್ದಾಗಬಾರದು, ಮಿಂಚಬಾರದು. ಎಪ್ಪತ್ತಾರು ವರ್ಷದ ಹೆಂಗಸು. ತಲೆಗೆ ಕಿತ್ತಳೆ ಬಣ್ಣದ ಟೋಪಿ, ಕಾಲಿಗೆ ಗಂಡಸರ ರಬ್ಬರ್ ಬೂಟು, ಹೆಗಲಿಗೆ ತೀರಿಕೊಂಡ ಗಂಡನ ಕೋವಿ.

ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಮಂಡ್ಯದ ಕಡೆಯವರು. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರ್ ಆಗಿದ್ದರು. ಚಿಕ್ಕಂದಿನಲ್ಲಿ ಕಬ್ಬಿನ ಗದ್ದೆಗೆ ನುಗ್ಗುವ ಹಂದಿ ಕಾಯಲು ಅಪ್ಪನ ಜೊತೆ ಅಟ್ಟಣೆ ಹತ್ತಿ ಕೂರುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಗಂಡ ತಮ್ಮ ಜೊತೆ ಕೆಲಸ ಮಾಡುವ ಅಮೆರಿಕನ್ನರಿಂದ ಬೇಟೆ ಕಲಿತರು, ಇವರು ಗಂಡನಿಂದ ಕಲಿತರು, ಗಂಡ ಹೋದ ಮೇಲೂ ಬಿಡಲಿಲ್ಲ. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ನಮ್ಮವರು ಅವರ ಬೆನ್ನ ಹಿಂದೆ ‘ಗನ್ ಆಂಟಿ’ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಒಂದು ಮಾರ್ಚ್ ಬೆಳಿಗ್ಗೆ ನನ್ನ ಮಗಳ ಪುಟ್ಟ ನಾಯಿಯನ್ನು ಕಯೋಟಿಯೊಂದು ನಮ್ಮ ಹಿತ್ತಲಿನಿಂದಲೇ ಕಚ್ಚಿಕೊಂಡು ಹೋಯಿತು. ಕಯೋಟಿ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಮನುಷ್ಯರ ವಾಸನೆ ಬಂದರೆ ಓಡಿಹೋಗುವ ಪ್ರಾಣಿ. ಇದು ಓಡಲಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದ ನನ್ನ ಹೆಂಡತಿ, ಅದರ ಎಡಗಿವಿ ಹರಿದಿತ್ತು, ನಾನು ಕಿರುಚಿದರೂ ನಿಧಾನವಾಗಿ ನಡೆದೇ ಹೋಯಿತು ಎಂದಳು. ಮಗಳು ಎರಡು ದಿನ ಊಟ ಮಾಡಲಿಲ್ಲ. ಮೂರನೇ ದಿನ ನಾನು ಹೋಗಿ ಆಂಟಿಯ ಬಾಗಿಲು ಬಡಿದೆ.

“ಆಂಟಿ, ನಂಗೆ ಗನ್ ಹಿಡಿಯೋದು ಹೇಳ್ಕೊಡಿ. ಅದನ್ನ ಕೊಲ್ಲಬೇಕು.”

“ಕೋಪ ಬಂದದಾ?”

“ಬಂದಿದೆ.”

“ಹಂಗಾದ್ರೆ ಹೋಗಿ ಇಳುಸ್ಕೊಂಡ್ ಬಾ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ್ಮೇಲೆ ಬಂದದಾ?” ಎಂದು ಬಾಗಿಲು ಹಾಕಿಕೊಂಡರು.

ನಾಲ್ಕನೇ ಸಲ ಹೋದಾಗ ಒಳಗೆ ಕರೆದರು. ಮೊದಲ ಪಾಠಕ್ಕೆ ಕೋವಿಯೇ ಇರಲಿಲ್ಲ. ಮನೆ ಹಿಂದಿನ ಮರದ ಡೆಕ್ ಮೇಲೆ ಒಂದು ಕುರ್ಚಿ ಹಾಕಿ, ಅರ್ಧ ಗಂಟೆ ಅಲುಗಾಡದೆ ಕೂರು ಎಂದರು. ಹತ್ತನೇ ನಿಮಿಷಕ್ಕೆ ಜೇಬಿನಲ್ಲಿದ್ದ ಫೋನ್ ಗುಂಯ್‌ಗುಟ್ಟಿತು. “ಸುಮ್ನೆ ಕೂರಕ್ ಬರದೋನ್ಗೆ ಕೋವಿ ಯಾಕಯ್ಯ? ಎದ್ದೋಗು” ಎಂದರು. ಹೀಗೆ ಐದು ಭಾನುವಾರ ಕೂತೆ. ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಲ್ಲಿ ಹನ್ನೆರಡು ಜನ ನನ್ನ ಮಾತು ಕೇಳುತ್ತಾರೆ. ಇಲ್ಲಿ ಕಾಲು ಅಲುಗಿಸಿದರೂ ಬೈಗುಳ. ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಮೇಲೆ ಸುರಕ್ಷತೆಯ ಕ್ಲಾಸು, ಪರೀಕ್ಷೆ, ಲೈಸೆನ್ಸ್, ಪೊಲೀಸರ ಪರವಾನಗಿ. ಬೇಸಿಗೆ ಪೂರ್ತಿ ಅದರಲ್ಲೇ ಕಳೆಯಿತು. ಕೋವಿ ಕೈಗೆ ಕೊಟ್ಟ ದಿನ ಆಂಟಿ ಹೇಳಿದ್ದು ಮೂರೇ ಮಾತು. ಖಾಲಿ ಕೋವಿ ಅನ್ನೋದು ಇಲ್ಲ. ಪ್ರಾಣಿ ನೋಡೋ ಮೊದಲು ಅದರ ಹಿಂದೆ ಏನದೆ ನೋಡು. ಗಾಳಿ ಯಾವಾಗಲೂ ನಿನ್ನ ಮುಖಕ್ಕೆ ಹೊಡೀತಿರಬೇಕು. ನನ್ನ ಜಾಕೆಟ್ಟನ್ನು ಮೂಸಿ ನೋಡಿ, “ಇಂಗಿನ ಒಗ್ಗರಣೆ ಹೊಡೀತದೆ. ಇದನ್ನ ಅಡ್ಗೆಮನೆ ಕಡೆ ತರಬ್ಯಾಡ, ಗರಾಜಲ್ಲಿ ನೇತಾಕು. ಕಯೋಟಿ ಅರ್ಧ ಮೈಲಿಯಿಂದ್ಲೇ ಓಡೋಯ್ತದೆ” ಎಂದಿದ್ದರು.

ಇಷ್ಟು ದಿನವೂ ನಾನು ಆಂಟಿಗೆ ಹೇಳದ ಒಂದು ದಿನಚರಿ ನನಗಿತ್ತು. ನಾಯಿ ಹೋಗುವ ಹಿಂದಿನ ವರ್ಷ ಊರಿನಲ್ಲಿ ನನ್ನ ತಂದೆ ತೀರಿಕೊಂಡಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಬಿಸಿ ಅನ್ನಕ್ಕೆ ತುಪ್ಪ, ಒಂದು ಚಿಟಿಕೆ ಕರಿಎಳ್ಳು ಕಲಸಿ, ಕಾಗೆಗೆಂದು ಹಿತ್ತಲಿನ ಕಟ್ಟೆಯ ಮೇಲೆ ತಟ್ಟೆಯಲ್ಲಿಟ್ಟು ಆಫೀಸಿಗೆ ಹೊರಡುತ್ತಿದ್ದೆ. ಸಂಜೆ ಬಂದು ನೋಡಿದರೆ ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ಅಪ್ಪ ಉಂಡು ಹೋದರು ಎಂದು ಕಣ್ಣು ತುಂಬಿ ಬರುತ್ತಿತ್ತು. ನಾಯಿ ಸತ್ತ ಮರುದಿನವೂ ಇಟ್ಟಿದ್ದೆ.

ಡಿಸೆಂಬರಿನಲ್ಲಿ ಆಂಟಿ ನನ್ನನ್ನು ಮನೆಗಳ ಹಿಂದಿನ ಕಾಡಿಗೆ ಕರೆದುಕೊಂಡು ಹೋದರು. ಕೋವಿ ಬೇಡ, ಕೋಲು ಸಾಕು, ಮೊದಲು ಅದು ಎಲ್ಲಿ ನಡೆಯುತ್ತದೆ, ಏನು ತಿನ್ನುತ್ತದೆ ತಿಳಿದುಕೋ ಎಂದರು. ಕಾಲುದಾರಿಯ ಮಧ್ಯೆ ಕಯೋಟಿಯ ಹಿಕ್ಕೆ ಬಿದ್ದಿತ್ತು. ಕೋಲಿನಿಂದ ಬಿಡಿಸಿದರು. ಇಲಿಯ ಕೂದಲು, ಯಾವುದೋ ಹಣ್ಣಿನ ಬೀಜ, ಅದರ ತುಂಬ ಸಣ್ಣ ಕರಿ ಕಾಳು. ಆಂಟಿ ಮಂಡಿಯೂರಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದೇನಯ್ಯ ಇದು? ಎಳ್ಳಲ್ವಾ? ನ್ಯೂಜೆರ್ಸಿ ಕಾಡಲ್ಲಿ ಎಳ್ಳು ಯಾವಾಗ್ಲಿಂದ ಬೆಳೀತದೆ?”

ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಆಂಟಿ ಕೋಲನ್ನು ಎತ್ತಿ ಮರಕ್ಕೆ ಬೀಸಿದ ರಭಸಕ್ಕೆ ಅದು ಎರಡು ತುಂಡಾಯಿತು.

“ಥೂ, ನಿನ್ ಓದಿಗಿಷ್ಟು! ಒಂಬತ್ತು ತಿಂಗ್ಳಿಂದ ಕೊಲ್ತೀನಿ ಕೊಲ್ತೀನಿ ಅಂತ ನನ್ ಪ್ರಾಣ ತಿಂದೆ. ದಿನಾ ಊಟಕ್ಕಿಟ್ಟು ಮನೆ ಬಾಗ್ಲಿಗೆ ಬಾ ಅಂತ ಕಲ್ಸಿದೋನು ನೀನು. ಬಂತು, ನಾಯಿ ಸಿಕ್ತು, ತಿಂತು. ಅದರ ತಪ್ಪೇನಯ್ಯ?”

ನನಗೂ ರೇಗಿತು. “ಅದು ನಮ್ಮಪ್ಪಂಗೆ ಇಟ್ಟಿದ್ದು ಆಂಟಿ!” ಎಂದು ಕೂಗಿದೆ.

“ಅಪ್ಪಂಗೆ ಇಟ್ಟಿದ್ರೆ ಕಾಗೆ ಬಂದು ಮುಟ್ಟೋಗಂಟ ನಿಂತು ನೋಡ್ತಿದ್ದೆ. ಇಟ್ಟು ಕಾರ್ ಹತ್ಕೊಂಡು ಹೋದ್ಯಲ್ಲ, ಅದು ಅಪ್ಪಂಗಲ್ಲ. ನಿನ್ ಸಮಾಧಾನಕ್ಕೆ.”

ಅಂದು ಮನೆಗೆ ಬಂದವನೇ ತಟ್ಟೆಯನ್ನು ಕಸದ ಡಬ್ಬಕ್ಕೆ ಎಸೆದೆ. ವಾರವೆಲ್ಲ ಹೆಂಡತಿ ಮೇಲೆ, ಮಗಳ ಮೇಲೆ, ಅಪ್ಪನ ಅಂತ್ಯಕ್ರಿಯೆಗೆ ಟಿಕೆಟ್ ಸಿಗದ ವಿಮಾನದ ಮೇಲೆ ಹಾರಾಡಿದೆ. ಯಾರ ಮೇಲೆ ರೇಗಬೇಕಿತ್ತೋ ಅವನು ಕನ್ನಡಿಯಲ್ಲಿ ಹಲ್ಲುಜ್ಜುತ್ತಿದ್ದ.

ಅನ್ನ ನಿಂತಿತು, ಕಯೋಟಿ ಬರುವುದು ನಿಲ್ಲಲಿಲ್ಲ. ಹಾಡಹಗಲೇ ಬಂದು ಖಾಲಿ ಕಟ್ಟೆಯ ಹತ್ತಿರ ಕೂತು ಬಾಗಿಲ ಕಡೆ ನೋಡುತ್ತಿತ್ತು. ಅದೇ ಹರಿದ ಎಡಗಿವಿ. ಆಚೆ ಮನೆಯಲ್ಲಿ ಆಗಷ್ಟೇ ನಡೆಯಲು ಕಲಿತ ಮಗುವಿತ್ತು. ಆಂಟಿ ಮೂರು ವಾರ ದಿನಕ್ಕೆರಡು ಬಾರಿ ಸ್ಟೀಲ್ ತಟ್ಟೆ ಬಡಿಯುತ್ತ, ಬಾಯಿಗೆ ಬಂದಂತೆ ಬೈಯುತ್ತ ಅದನ್ನು ಕಾಡಿನವರೆಗೂ ಅಟ್ಟಿದರು. ಅದು ಹತ್ತು ಹೆಜ್ಜೆ ಹೋಗಿ ಮತ್ತೆ ಕೂರುತ್ತಿತ್ತು. ಕೊನೆಗೆ ಒಂದು ದಿನ, “ಇನ್ನು ಆ ಮಗೂಗೆ ಬಾಯಿ ಹಾಕೋದೊಂದೇ ಬಾಕಿ. ನೀನ್ ಮಾಡಿದ್ದು, ನೀನೇ ಮುಗಿಸ್ಬೇಕು” ಎಂದರು.

ಜನವರಿಯ ಒಂದು ಬೆಳಿಗ್ಗೆ, ಬೆಳಕು ಹರಿದ ಮೇಲೆ ಹೋದೆವು, ಆಂಟಿಯ ಹತ್ತಿರ ಗಂಡನ ಕೋವಿ, ನನ್ನ ಹತ್ತಿರ ನಾನು ಕೊಂಡ ಹೊಸ ಕೋವಿ. ಕಾಡು ದಾಟಿದರೆ ಆಂಟಿಗೆ ಪರಿಚಯದ ರೈತನೊಬ್ಬನ ಕಟಾವಾದ ಮೆಕ್ಕೆಜೋಳದ ಹೊಲ. ಅಲ್ಲಿ ಬೇಟೆಗೆ ಅವನ ಒಪ್ಪಿಗೆಯಿತ್ತು. ಎರಡು ಮರಗಳಿಗೆ ಬೆನ್ನು ಕೊಟ್ಟು ಹಿಮದ ಮೇಲೆ ಕೂತೆವು. ಆಂಟಿ ಪುಟ್ಟ ಪೀಪಿಯೊಂದನ್ನು ಊದಿದರು. ಗಾಯವಾದ ಮೊಲ ಕೂಗಿದಂತೆ ಕೇಳಿಸಿತು. ಊದಿದರು, ಕಾದರು, ಮತ್ತೆ ಊದಿದರು. ಇಪ್ಪತ್ತು ನಿಮಿಷಕ್ಕೆ ಹೊಲದ ಆಚೆ ಅಂಚಿನಲ್ಲಿ ಅದು ಕಾಣಿಸಿಕೊಂಡಿತು. ಅಷ್ಟರಲ್ಲಿ ಗಾಳಿ ತಿರುಗಿ ನನ್ನ ಬೆನ್ನಿಗೆ ಹೊಡೆಯತೊಡಗಿತು. ಮುಗಿಯಿತು, ವಾಸನೆ ಸಿಕ್ಕಿತು, ಇನ್ನು ಓಡುತ್ತದೆ ಎಂದುಕೊಂಡೆ.

ಅದು ಮೂತಿ ಎತ್ತಿ ಮೂಸಿತು. ಆಮೇಲೆ ನೇರವಾಗಿ ನನ್ನ ಕಡೆಗೇ ನಡೆದು ಬಂತು. ಬಚ್ಚಿಟ್ಟುಕೊಳ್ಳಲಿಲ್ಲ, ಅನುಮಾನಪಡಲಿಲ್ಲ. ಬಾಲ ಮೆಲ್ಲಗೆ ಆಡುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಊಟಕ್ಕೆ ಕರೆದವರ ಮುಖ ನೋಡುವ ಹಾಗೆ ನನ್ನನ್ನು ನೋಡಿತು. ಕೋವಿಯನ್ನು ಹೆಗಲಿಗೆ ಒತ್ತಿ ಗುರಿ ಹಿಡಿದೇ ಇದ್ದೆ. ಬೆರಳು ಮಡಚಲಿಲ್ಲ.

ಹೊಡೆದದ್ದು ಆಂಟಿ.

ಸದ್ದು ಅಡಗಿದ ಮೇಲೆ ಅವರು ಹಿಮದಲ್ಲಿ ಕೂತೇ ಇದ್ದರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ನನ್ನ ಕೈಯನ್ನು ಕೊಡವಿಬಿಟ್ಟರು.

“ನಲ್ವತ್ತು ವರ್ಷದಿಂದ ಬೇಟೆ ಆಡಿದೀನಿ. ಎಲ್ಲಾ ನನ್ ಕಂಡ್ರೆ ಓಡೋಗೋ ಪ್ರಾಣಿಗಳು. ನಂಬ್ಕೊಂಡು ಬಂದಿದ್ದನ್ನ ಇವತ್ತು ಹೊಡೆದೆ. ನಿನ್ನಿಂದ.”

ಆಮೇಲೆ ಎದ್ದು, “ಹೊರು” ಎಂದರು. ಹೊತ್ತೆ. ಕತ್ತಿನ ಮೇಲೆ ಅದರ ಮೈ ಇನ್ನೂ ಬೆಚ್ಚಗಿತ್ತು. ರೈತನ ಕೊಟ್ಟಿಗೆಯವರೆಗೆ ಆಂಟಿ ನನ್ನ ಮುಂದೆ ಮುಂದೆ ನಡೆದರು, ಒಮ್ಮೆಯೂ ತಿರುಗಿ ನೋಡಲಿಲ್ಲ.

ಆ ವಾರವೇ ಅವರು ತಮ್ಮ ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದರು. ನಮ್ಮ ಬೀದಿಯ ಪ್ರತಿಯೊಂದು ಭಾರತೀಯ ಮನೆಯ ಬಾಗಿಲು ತಟ್ಟಿ, ಹಿತ್ತಲಲ್ಲಿ ಅನ್ನ ಇಡಬೇಡಿ ಎಂದು ಹೇಳಲು ನನ್ನನ್ನು ಕಳಿಸಿದರು. “ನಮ್ಮ ಸಂಪ್ರದಾಯ ಹೇಳೋಕೆ ನೀವ್ಯಾರ್ರೀ?” ಎಂದು ಮುಖಕ್ಕೆ ಬಾಗಿಲು ಹಾಕಿದವರಿದ್ದರು. ಬಂದು ದೂರಿದರೆ ಆಂಟಿ, “ನಾಳೆ ಮತ್ತೆ ಹೋಗು” ಎನ್ನುತ್ತಿದ್ದರು. ಅದು ಬಿಟ್ಟರೆ ನನ್ನೊಡನೆ ಮಾತಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸಿದರೆ ತೆಗೆದುಕೊಂಡು, ತೊಳೆದ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು.

ಅಕ್ಟೋಬರಿನಲ್ಲಿ ಸ್ಟ್ರೋಕ್ ಆಗಿ ಮೂರೇ ದಿನದಲ್ಲಿ ಹೋದರು.

ಹನ್ನೊಂದನೇ ದಿನದ ತಿಥಿಗೆ ಮನೆ ತುಂಬ ಜನ. ಪಾರ್ಕಿಂಗ್ ಲಾಟಿನಲ್ಲಿ ನಕ್ಕವರೆಲ್ಲ ಬಂದಿದ್ದರು. ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ಅನ್ನ ಬಡಿಸಿ, ಆಂಟಿಯ ಸಂಬಂಧಿಕರೊಬ್ಬರು ಹಿತ್ತಲಿನ ಹುಲ್ಲಿನ ಮೇಲೆ ಎಡೆ ಇಟ್ಟರು. “ಎಲ್ಲಾ ಒಳಗ್ ಬನ್ನಿ, ಊಟಕ್ಕೆ ಕೂರಣ. ಕಾಗೆ ಅದರ ಪಾಡಿಗೆ ಬಂದು ಮುಟ್ತದೆ” ಎಂದರು. ಎಲ್ಲರೂ ಹೋದರು. ನನಗೆ ಮೈಯೆಲ್ಲ ಉರಿಯಿತು. ನಾನು ಹೋಗಲಿಲ್ಲ. ಕಾಗೆ ಮುಟ್ಟುವುದನ್ನು ಕಣ್ಣಾರೆ ನೋಡಲು ಗರಾಜಿನ ಗೋಡೆಗೆ ಒರಗಿ, ಅಲುಗಾಡದೆ ನಿಂತೆ. ಒಂದು ಗಂಟೆಯಾಯಿತು. ಕಿಟಕಿಯಿಂದ ಎರಡು ಸಲ ಕೂಗಿದರು. ಎರಡು ಗಂಟೆಯಾಯಿತು.

ಆಂಟಿಯ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಹೊರಗೆ ಬಂದು ನನ್ನ ಪಕ್ಕ ನಿಂತಳು. ಹೊಲದಲ್ಲಿ ನಡೆದದ್ದು ಅವಳಿಗೆ ಗೊತ್ತಿತ್ತು. “ಡಿಡ್ ಅಮ್ಮ ಎವರ್ ಫರ್ಗಿವ್ ಯೂ?” ಎಂದು ಕೇಳಿದಳು.

“ಇಲ್ಲ” ಎಂದೆ. ಕ್ಷಮಿಸಿದ್ದರೆ ನಾನೂ ಅವತ್ತು ಎಲ್ಲರ ಜೊತೆ ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದೆ.